ಪರಿಸರಸ್ನೇಹಿ ಡೈಪರ್ ಆರಿಸುವ ಮುನ್ನ ಕೆಂಪು ಬುಟ್ಟಿಯ ದಾರಿ ಗೊತ್ತಿರಲಿ

ಹೊಸದಾಗಿ ಅಪ್ಪ ಅಮ್ಮ ಆದವರು ನನ್ನನ್ನು ಪದೇ ಪದೇ ಕೇಳುವ ಪ್ರಶ್ನೆ ಒಂದೇ: ಮಣ್ಣಿನಲ್ಲಿ ಕರಗುವ ಡೈಪರ್ ಯಾವುದು? ಇಬ್ಬರೂ ಕೆಲಸಕ್ಕೆ ಹೋಗಬೇಕು. ಮನೆಯಲ್ಲಿ ಒಗೆಯುವವರು ಯಾರೂ ಇಲ್ಲ. ಬೇಸಿಗೆ ಬಂದರೆ ಅಪಾರ್ಟ್‌ಮೆಂಟಿಗೆ ಟ್ಯಾಂಕರ್ ನೀರೇ ಗತಿ. ಆದರೂ ದಿನಾ ಇಷ್ಟೊಂದು ಪ್ಲಾಸ್ಟಿಕ್ ಎಸೆಯಲು ಮನಸ್ಸು ಒಪ್ಪುವುದಿಲ್ಲ. ಈ ಸಂಕಟ ನಿಜವಾದದ್ದು, ಇದಕ್ಕೆ ಸರಿಯಾದ ಉತ್ತರ ಸಿಗಬೇಕು. ಆದರೆ ಉತ್ತರ ಪ್ಯಾಕೆಟ್ಟಿನಿಂದ ಶುರುವಾಗುವುದಿಲ್ಲ. ಡೈಪರ್ ಕರಗುತ್ತದೋ ಇಲ್ಲವೋ ಅನ್ನುವುದನ್ನು ಅದು ಕೊನೆಗೆ ಹೋಗಿ ಬೀಳುವ ಜಾಗವೇ ಹೆಚ್ಚಾಗಿ ತೀರ್ಮಾನಿಸುತ್ತದೆ. ಹಾಗಾಗಿ ಕೊನೆಯಿಂದ ಶುರು ಮಾಡಿ ಹಿಂದಕ್ಕೆ ಬರೋಣ.

ಬೆಂಗಳೂರಿನಲ್ಲಿ ಡೈಪರ್ ಎಲ್ಲಿಗೆ ಹೋಗುತ್ತದೆ?

2015ರ ಡಿಸೆಂಬರ್‌ನಲ್ಲಿ ಕರ್ನಾಟಕ ಹೈಕೋರ್ಟ್ ಬೆಂಗಳೂರಿಗೆ ‘ಎರಡು ಬುಟ್ಟಿ, ಒಂದು ಚೀಲ’ ಪದ್ಧತಿಯನ್ನು ಕಡ್ಡಾಯ ಮಾಡಿತು. ಹಸಿರು ಬುಟ್ಟಿಗೆ ಹಸಿ ಕಸ. ಚೀಲಕ್ಕೆ ಒಣ ಕಸ. ಕೆಂಪು ಬುಟ್ಟಿಗೆ ಡೈಪರ್, ಪ್ಯಾಡ್, ಬ್ಯಾಂಡೇಜ್. ಹಸಿ ಕಸದಿಂದ ಗೊಬ್ಬರ ಮಾಡಬಹುದು, ಗ್ಯಾಸ್ ತೆಗೆಯಬಹುದು. ಒಣ ಕಸ ಸಂಗ್ರಹ ಕೇಂದ್ರಕ್ಕೆ ಹೋಗಿ ವಿಂಗಡಣೆಯಾಗಿ ಮರುಬಳಕೆಗೆ ಸಾಗುತ್ತದೆ. ಕೆಂಪು ಬುಟ್ಟಿಯ ಕಸಕ್ಕೆ ಹಾಗೆ ಮುಂದಿನ ಉಪಯೋಗ ಯಾವುದೂ ಇಲ್ಲ. ಅದನ್ನು ಹೂಳಬೇಕು, ಇಲ್ಲವೇ ಸುಡಬೇಕು.

ಹೂಳುವುದು ಎಲ್ಲಿ ಅಂತ ನಾವು ಯೋಚಿಸುವುದೇ ಕಡಿಮೆ. ಮಾವಳ್ಳಿಪುರದ ಜನ ವರ್ಷಗಟ್ಟಲೆ ನಮ್ಮ ಕಸದ ವಾಸನೆ ಕುಡಿದರು. ಅಲ್ಲಿ 2012ರಲ್ಲಿ ಕಸ ಸುರಿಯುವುದು ನಿಂತಿತು. ಆಮೇಲೆ ಮಂಡೂರು. ಊರವರು ಬೀದಿಗಿಳಿದು ಲಾರಿ ತಡೆದ ಮೇಲೆ 2014ರ ಕೊನೆಗೆ ಅದೂ ನಿಂತಿತು. ಆಮೇಲೆ ಬಾಗಲೂರು ಕಡೆಯ ಕಲ್ಲು ಕ್ವಾರಿಗಳು, ಮಿಟ್ಟಗಾನಹಳ್ಳಿ. ನಮ್ಮ ಮನೆಯ ಡೈಪರ್ ನಮ್ಮ ಕಣ್ಣಿನಿಂದ ಮಾತ್ರ ಮರೆಯಾಗುತ್ತದೆ. ಅದು ಬೇರೆ ಯಾರದೋ ಊರಿನ ಬಾವಿಯ ಪಕ್ಕ ಹೋಗಿ ಕೂರುತ್ತದೆ.

ಆ ಗುಂಡಿಯೊಳಗೆ ಏನಾಗುತ್ತದೆ? ಕಸದ ಮೇಲೆ ಕಸ, ಅದರ ಮೇಲೆ ಮಣ್ಣು ಬಿದ್ದು ಗಾಳಿ ಆಡದ ಹಾಗಾಗುತ್ತದೆ. ಗಾಳಿ ಇಲ್ಲದ ಕಡೆ ಯಾವುದೂ ನಾವು ಅಂದುಕೊಂಡ ಹಾಗೆ ಕೊಳೆಯುವುದಿಲ್ಲ. ಅಮೆರಿಕದ ಅರಿಜೋನಾ ವಿಶ್ವವಿದ್ಯಾಲಯದ ವಿಲಿಯಂ ರಾಥ್ಜೆ ತಮ್ಮ ತಂಡದ ಜೊತೆ ಕಸದ ಗುಂಡಿಗಳನ್ನೇ ಅಗೆದು ನೋಡಿದ್ದರು. ಹಲವು ದಶಕ ಹಿಂದಿನ ನ್ಯೂಸ್‌ಪೇಪರ್‌ಗಳು ಓದುವಂತೆ ಸಿಕ್ಕವು! ಕಾಗದದ ಪಾಡೇ ಹೀಗಾದರೆ ‘ಬಯೋಡಿಗ್ರೇಡಬಲ್’ ಡೈಪರ್ ಗುಂಡಿಯೊಳಗೆ ಬೇಗ ಕರಗಿಬಿಡುತ್ತದೆ ಎಂದು ನಂಬುವುದು ಹೇಗೆ? ಇನ್ನೊಂದು ವಿಷಯ. ಗಾಳಿ ಇಲ್ಲದೆ ನಿಧಾನವಾಗಿ ಕೊಳೆಯುವ ಭಾಗದಿಂದ ಮೀಥೇನ್ ಬರುತ್ತದೆ. ಭೂಮಿಯ ಬಿಸಿ ಏರಿಸುವುದರಲ್ಲಿ ಅದು ಇಂಗಾಲದ ಡೈಆಕ್ಸೈಡ್‌ಗಿಂತ ಎಷ್ಟೋ ಪಟ್ಟು ಬಲವಾದ ಅನಿಲ. ಅಂದರೆ ಗುಂಡಿಯೊಳಗೆ ಬೇಗ ಕೊಳೆಯುವುದೇ ಒಳ್ಳೆಯದು ಅಂತಲೂ ಹೇಳಲಾಗದು.

ಡೈಪರ್ ಕರಗಲು 500 ವರ್ಷ ಬೇಕು ಎಂಬ ಮಾತನ್ನು ಎಲ್ಲರೂ ಕೇಳಿರುತ್ತೀರಿ. ಅದು ಒಂದು ಅಂದಾಜು, ಅಷ್ಟೇ. ಪ್ಯಾಂಪರ್ಸ್ ಮಾರುಕಟ್ಟೆಗೆ ಬಂದದ್ದೇ 1961ರಲ್ಲಿ. ಯಾರೂ ಕಾದು ನೋಡಿದ ಲೆಕ್ಕ ಅದಲ್ಲ. ನಮ್ಮ ಮೊಮ್ಮಕ್ಕಳ ಕಾಲಕ್ಕೂ ಅದರ ಪ್ಲಾಸ್ಟಿಕ್ ಇರುತ್ತದೆ ಎಂಬುದಂತೂ ಖಂಡಿತ. ನಮಗೆ ಅಷ್ಟು ಗೊತ್ತಿದ್ದರೆ ಸಾಕು.

ಹಾಗಾದರೆ ಕಂಪೋಸ್ಟ್ ಆಗುವ ಡೈಪರ್ ಅಂತ ಇಲ್ಲವೇ ಇಲ್ಲವಾ? ಮೆಕ್ಕೆಜೋಳ ಅಥವಾ ಕಬ್ಬಿನಿಂದ ಮಾಡುವ ಪಿಎಲ್‌ಎ ಎಂಬ ಪ್ಲಾಸ್ಟಿಕ್ ಇದೆ. ಕೆಲವು ಡೈಪರ್‌ಗಳ ಹೊರ ಪದರದಲ್ಲಿ ಅದನ್ನು ಬಳಸುತ್ತಾರೆ. ಆದರೆ ಅದು ಕರಗಲು ದೊಡ್ಡ ಗೊಬ್ಬರ ಘಟಕದ ಬಿಸಿ ಬೇಕು, ಸುಮಾರು 58 ಡಿಗ್ರಿ, ಅದೂ ವಾರಗಟ್ಟಲೆ. ನಮ್ಮ ಹಸಿ ಕಸದ ಘಟಕಗಳು ಡೈಪರ್ ಕಂಡರೆ ಆರಿಸಿ ಪಕ್ಕಕ್ಕೆ ಹಾಕುತ್ತವೆ. ಅದು ಯಾವ ಬ್ರಾಂಡಿನದು, ಯಾವ ಗಿಡದಿಂದ ಮಾಡಿದ್ದು ಎಂದು ನೋಡುತ್ತಾ ಕೂರಲು ಅಲ್ಲಿ ಯಾರಿಗೂ ಪುರಸೊತ್ತಿಲ್ಲ.

ಬಾಲ್ಕನಿಯಲ್ಲಿ ‘ಕಂಬ’ ಎಂಬ ಗೊಬ್ಬರದ ಮಡಕೆ ಇಟ್ಟುಕೊಂಡು ತರಕಾರಿ ಸಿಪ್ಪೆಯಿಂದ ಗೊಬ್ಬರ ಮಾಡುವ ಮನೆಗಳು ಈ ಊರಿನಲ್ಲಿ ಸಾಕಷ್ಟಿವೆ. ಅವರಲ್ಲಿ ಕೆಲವರು ಕೇಳುತ್ತಾರೆ, ಡೈಪರ್ ಒಳಗಿನ ಹತ್ತಿಯಂಥ ಭಾಗವನ್ನು ಬಿಚ್ಚಿ ಅದಕ್ಕೆ ಹಾಕಬಹುದಾ ಎಂದು. ದಯವಿಟ್ಟು ಬೇಡ. ಮನೆಯ ಗೊಬ್ಬರದ ಬಿಸಿ ಮಲದ ರೋಗಾಣುಗಳನ್ನು ಕೊಲ್ಲುವಷ್ಟು ಏರುವುದಿಲ್ಲ. ಮೇಲಾಗಿ ನಮ್ಮ ಮಕ್ಕಳಿಗೆ ಹುಟ್ಟಿದಾಗ, ಆಮೇಲೆ 6, 10, 14ನೇ ವಾರಗಳಲ್ಲಿ ಪೋಲಿಯೋ ಹನಿ ಹಾಕಿಸುತ್ತೇವೆ. ಅದರ ಬಲ ಕುಂದಿಸಿದ ವೈರಸ್ ಕೆಲವು ವಾರ ಮಗುವಿನ ಕಕ್ಕದಲ್ಲಿ ಹೊರಗೆ ಬರುತ್ತದೆ. ಅದು ಸಹಜ, ಮಗುವಿಗೆ ಅಪಾಯವಿಲ್ಲ. ಆದರೆ ಆ ಗೊಬ್ಬರವನ್ನು ಕೊತ್ತಂಬರಿ ಪಾಟಿಗೆ ಹಾಕುವುದು ಸರಿಯಲ್ಲ ಅಲ್ವಾ?

ಪ್ಯಾಕೆಟ್ ಮೇಲಿನ ಮಾತುಗಳು

ಇಷ್ಟು ತಿಳಿದ ಮೇಲೆ ಅಂಗಡಿಯ ಕಪಾಟಿನ ಮುಂದೆ ನಿಂತು ನೋಡಿ. ಅರ್ಧಕ್ಕರ್ಧ ಮಾತು ತಾನಾಗಿಯೇ ಉದುರಿಹೋಗುತ್ತದೆ. ‘ಬಯೋಡಿಗ್ರೇಡಬಲ್’ ಎಂದು ಬರೆದು ಎಲ್ಲಿ, ಎಷ್ಟು ದಿನದಲ್ಲಿ, ಎಷ್ಟು ಭಾಗ ಎಂದು ಹೇಳದಿದ್ದರೆ ಅದಕ್ಕೆ ಅರ್ಥವಿಲ್ಲ. ‘ಆಕ್ಸೋ ಬಯೋಡಿಗ್ರೇಡಬಲ್’ ಎಂದಿದ್ದರೆ ಆ ಪ್ಯಾಕೆಟ್ಟನ್ನು ವಾಪಸ್ ಇಟ್ಟುಬಿಡಿ. ಅದು ಮಾಮೂಲಿ ಪ್ಲಾಸ್ಟಿಕ್. ಬೇಗ ಚೂರುಚೂರಾಗಲಿ ಎಂದು ಅದಕ್ಕೆ ಒಂದು ರಾಸಾಯನಿಕ ಬೆರೆಸಿರುತ್ತಾರೆ. ಚೂರುಗಳು ಮಣ್ಣಿನಲ್ಲೇ ಉಳಿಯುತ್ತವೆ. ಯುರೋಪಿನ ಒಕ್ಕೂಟ 2021ರಿಂದ ಅಂಥ ಪ್ಲಾಸ್ಟಿಕ್ ಸಾಮಾನುಗಳ ಮಾರಾಟವನ್ನೇ ನಿಲ್ಲಿಸಿದೆ.

ಬಿದಿರಿನ ಡೈಪರ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕೆಂದರೆ ಈಗ ಎಲ್ಲರ ಬಾಯಲ್ಲೂ ಅದೇ. ಬಿದಿರು ಬೇಗ ಬೆಳೆಯುತ್ತದೆ, ಕಡಿದರೆ ಮತ್ತೆ ಚಿಗುರುತ್ತದೆ. ಅದು ನಿಜ. ಆದರೆ ಬಿದಿರಿನಿಂದ ಮೃದುವಾದ ನೂಲು ತೆಗೆಯಲು ಅದನ್ನು ಕಾಸ್ಟಿಕ್ ಸೋಡಾ ಮತ್ತು ಕಾರ್ಬನ್ ಡೈಸಲ್ಫೈಡ್ ಜೊತೆ ಸಂಸ್ಕರಿಸಿ ವಿಸ್ಕೋಸ್ ಮಾಡುತ್ತಾರೆ. ಕಾರ್ಬನ್ ಡೈಸಲ್ಫೈಡ್ ಆ ಕಾರ್ಖಾನೆಯ ಕೆಲಸಗಾರರ ನರಗಳನ್ನು ಹಾಳುಮಾಡುವ ವಸ್ತು. ಇನ್ನು ಎಷ್ಟೋ ಡೈಪರ್‌ಗಳಲ್ಲಿ ಬಿದಿರು ಇರುವುದು ಮಗುವಿನ ಚರ್ಮಕ್ಕೆ ತಾಗುವ ತೆಳು ಪದರದಲ್ಲಿ ಮಾತ್ರ. ಒಳಗಿನ ಹೀರುವ ಭಾಗ, ಹೊರಗಿನ ಫಿಲ್ಮ್, ಇಲಾಸ್ಟಿಕ್, ಅಂಟು ಎಲ್ಲವೂ ಬೇರೆ ಡೈಪರ್‌ಗಳಲ್ಲಿ ಇರುವಂಥದ್ದೇ. ಬಿದಿರು ಇರುವ ಡೈಪರ್ ಮೃದುವಾಗಿರಬಹುದು, ಚೆನ್ನಾಗಿಯೂ ಇರಬಹುದು. ಆದರೆ ಬಿದಿರು ಅನ್ನುವ ಒಂದೇ ಕಾರಣಕ್ಕೆ ದುಪ್ಪಟ್ಟು ದುಡ್ಡು ಕೊಡಬೇಕಿಲ್ಲ ಎಂಬುದು ನನ್ನ ಅಭಿಪ್ರಾಯ.

ಈ ವಿಷಯದಲ್ಲಿ ಕಾನೂನು ಈಗ ನಮ್ಮ ಕಡೆ ಇದೆ. 2024ರ ಅಕ್ಟೋಬರ್‌ನಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಹಸಿರು ಜಾಹೀರಾತುಗಳಿಗೆ ಮಾರ್ಗಸೂಚಿ ಹೊರಡಿಸಿತು. ‘ಪರಿಸರಸ್ನೇಹಿ’, ‘ಗ್ರೀನ್’, ‘ನ್ಯಾಚುರಲ್’ ಎಂದು ಸುಮ್ನೆ ಹೇಳುವ ಹಾಗಿಲ್ಲ. ಹೇಳಿದರೆ ಆಧಾರ ತೋರಿಸಬೇಕು. ಆ ಮಾತು ಇಡೀ ವಸ್ತುವಿಗೆ ಅನ್ವಯಿಸುತ್ತದೋ, ಒಂದು ಭಾಗಕ್ಕೋ, ಪ್ಯಾಕಿಂಗಿಗೋ ಎಂಬುದನ್ನು ಬಿಡಿಸಿ ಹೇಳಬೇಕು. ಕಂಪೋಸ್ಟ್ ಆಗುವ ಪ್ಲಾಸ್ಟಿಕ್ ಎಂದು ಮಾರಲು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಸರ್ಟಿಫಿಕೇಟ್ ಬೇಕು. ಕಂಪನಿಗೆ ಒಂದು ಮೇಲ್ ಹಾಕಿ ಇವನ್ನು ಕೇಳುವ ಹಕ್ಕು ನಮಗಿದೆ. ಉತ್ತರ ಬಾರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಬಹುದು.

ಡೈಪರ್ ಒಳಗೆ ಏನಿದೆ

ಒಂದು ಹೊಸ ಡೈಪರನ್ನು ಕತ್ತರಿಸಿ ನೋಡಿ. ಒಮ್ಮೆ ನೋಡಿದರೆ ಯಾವ ಜಾಹೀರಾತೂ ನಿಮ್ಮನ್ನು ಸುಲಭವಾಗಿ ದಾರಿ ತಪ್ಪಿಸುವುದಿಲ್ಲ. ಮೇಲಿನ ಮೃದು ಪದರ ಬಟ್ಟೆಯಂತೆ ಕಂಡರೂ ಸಾಮಾನ್ಯವಾಗಿ ಪಾಲಿಪ್ರೊಪಿಲೀನ್ ಪ್ಲಾಸ್ಟಿಕ್. ಹೊರಗಿನದು ಸೋರದಂತೆ ತಡೆಯುವ ಪಾಲಿಥೀನ್ ಫಿಲ್ಮ್. ನಡುವೆ ಬೂರುಗದ ಅರಳೆಯಂತೆ ಕಾಣುವುದು ಮರದ ತಿರುಳು, ಹೆಚ್ಚಾಗಿ ಪೈನ್ ಮರದ್ದು. ಅದರೊಳಗೆ ಬಿಳಿ ಹರಳು ಹರಳಾಗಿ ಇರುವುದು ಸೋಡಿಯಂ ಪಾಲಿಅಕ್ರಿಲೇಟ್. ಅದಕ್ಕೆ ಎಸ್‌ಎಪಿ ಎನ್ನುತ್ತಾರೆ. ಕಾಮಕಸ್ತೂರಿ ಬೀಜ ನೀರಿನಲ್ಲಿ ಉಬ್ಬಿ ಲೋಳೆಯಾಗುವಂತೆ ಇದೂ ಉಬ್ಬುತ್ತದೆ. ಶುದ್ಧ ನೀರನ್ನಾದರೆ ತನ್ನ ತೂಕದ ನೂರಾರು ಪಟ್ಟು ಹೀರುತ್ತದೆ. ಉಚ್ಚೆಯಲ್ಲಿ ಉಪ್ಪು ಇರುವುದರಿಂದ ಅದು ಸುಮಾರು 30 ಪಟ್ಟಿಗೆ ಇಳಿಯುತ್ತದೆ.

ಈ ಎಸ್‌ಎಪಿ ಪೆಟ್ರೋಲಿಯಂನಿಂದ ಬರುತ್ತದೆ. ಹಾಗಾಗಿ ಅದು ಇಲ್ಲದ ಡೈಪರೇ ಒಳ್ಳೆಯದು ಎಂದು ತುಂಬಾ ಜನ ಅಂದುಕೊಳ್ಳುತ್ತಾರೆ. ಲೆಕ್ಕ ಹಾಕಿದರೆ ಹಾಗಲ್ಲ. ಎಸ್‌ಎಪಿ ಬಂದ ಮೇಲೆಯೇ ಡೈಪರ್ ತೆಳ್ಳಗಾದದ್ದು. 1980ರ ದಶಕದ ಡೈಪರ್‌ಗೆ ಹೋಲಿಸಿದರೆ ಇಂದಿನದು ಸುಮಾರು ಅರ್ಧ ತೂಕ. ಮರದ ತಿರುಳು ಕಡಿಮೆ ಸಾಕು, ಸಾಗಿಸುವ ಲಾರಿಗಳೂ ಕಡಿಮೆ. ಎಸ್‌ಎಪಿ ತೆಗೆದರೆ ಅದೇ ಕೆಲಸಕ್ಕೆ ದಪ್ಪ ತಿರುಳು ಬೇಕು, ದಿನಕ್ಕೆ ಇನ್ನೂ ಎರಡು ಮೂರು ಡೈಪರ್ ಜಾಸ್ತಿ ಬೇಕು. ಎಸೆಯುವ ಡೈಪರ್‌ನಿಂದ ಪರಿಸರಕ್ಕೆ ಬೀಳುವ ಹೊರೆಯ ದೊಡ್ಡ ಪಾಲು ಅದರ ಕಚ್ಚಾವಸ್ತು ಮತ್ತು ತಯಾರಿಕೆಯಿಂದ ಬರುತ್ತದೆ. ಆದ್ದರಿಂದ ಹಗುರವಾದ, ಚೆನ್ನಾಗಿ ಹೀರುವ, ಸೋರದ ಡೈಪರ್ ತಾನಾಗಿಯೇ ಹೊರೆ ಇಳಿಸುತ್ತದೆ. ಕೆಲವೊಮ್ಮೆ ಜೆಲ್ ಹರಳು ಮಗುವಿನ ಚರ್ಮಕ್ಕೆ ಅಂಟಿಕೊಂಡಿರುವುದು ಕಂಡು ಹೆದರುತ್ತಾರೆ. ಒದ್ದೆ ಬಟ್ಟೆಯಿಂದ ಒರೆಸಿದರೆ ಹೋಗುತ್ತದೆ, ಅದರಿಂದ ವಿಷವೇನೂ ಇಲ್ಲ.

ಮರದ ತಿರುಳಿನ ವಿಷಯದಲ್ಲಿ ಮಾತ್ರ ಆಯ್ಕೆಗೆ ನಿಜವಾದ ಬೆಲೆ ಇದೆ. ತಿರುಳನ್ನು ಬೆಳ್ಳಗೆ ಮಾಡಲು ಹಿಂದೆ ಕ್ಲೋರಿನ್ ಅನಿಲ ಬಳಸುತ್ತಿದ್ದರು. ಅದರಿಂದ ಡೈಆಕ್ಸಿನ್ ಎಂಬ ವಿಷ ಹುಟ್ಟಿ ನದಿಗಳಿಗೆ ಸೇರುತ್ತಿತ್ತು. ಈಗ ಹೆಚ್ಚಿನ ಕಾರ್ಖಾನೆಗಳು ಕ್ಲೋರಿನ್ ಡೈಆಕ್ಸೈಡ್ ಬಳಸುತ್ತವೆ. ಇದಕ್ಕೆ ಇಸಿಎಫ್, ಅಂದರೆ ಕ್ಲೋರಿನ್ ಅನಿಲ ಬಳಸದ ವಿಧಾನ, ಎನ್ನುತ್ತಾರೆ. ಡೈಆಕ್ಸಿನ್ ತುಂಬಾ ಕಡಿಮೆಯಾಗಿದೆ. ಇನ್ನೂ ಮುಂದಿನದು ಟಿಸಿಎಫ್, ಅಂದರೆ ಕ್ಲೋರಿನ್ ಯಾವ ರೂಪದಲ್ಲೂ ಇಲ್ಲದ ವಿಧಾನ. ಅದರಲ್ಲಿ ಆಮ್ಲಜನಕ, ಓಝೋನ್, ಹೈಡ್ರೋಜನ್ ಪೆರಾಕ್ಸೈಡ್ ಮಾತ್ರ. ಪ್ಯಾಕೆಟ್ ಮೇಲೆ ‘ಕ್ಲೋರಿನ್ ಇಲ್ಲ’ ಎಂದಷ್ಟೇ ಇದ್ದರೆ ಅದು ಇವೆರಡರಲ್ಲಿ ಯಾವುದೂ ಆಗಿರಬಹುದು. ಟಿಸಿಎಫ್ ಎಂದು ಸ್ಪಷ್ಟವಾಗಿ ಬರೆದಿದ್ದರೆ ಅದಕ್ಕೆ ನನ್ನ ಮೊದಲ ಮತ. ಕಾಡಿನ ಬಗ್ಗೆ ಕಾಳಜಿ ಇದ್ದರೆ ಎಫ್‌ಎಸ್‌ಸಿ ಗುರುತು ನೋಡಿ. ಮರ ಜವಾಬ್ದಾರಿಯಿಂದ ನಡೆಸುವ ಕಾಡಿನಿಂದ ಬಂದಿದೆ ಎಂದು ಹೊರಗಿನವರು ಪರೀಕ್ಷಿಸಿ ಕೊಡುವ ಗುರುತು ಅದು. ಆದರೆ ಗುರುತು ಡೈಪರ್ ತಿರುಳಿಗೋ, ರಟ್ಟಿನ ಡಬ್ಬಕ್ಕೋ ಎಂಬುದನ್ನೂ ಓದಿ.

ಓಕೋಟೆಕ್ಸ್ ಸ್ಟಾಂಡರ್ಡ್ 100 ಎಂಬ ಗುರುತಿನ ಅರ್ಥ ಬೇರೆ. ಹಾನಿಕಾರಕ ರಾಸಾಯನಿಕಗಳು ಮಿತಿಯೊಳಗಿವೆ ಎಂದು ಅದು ಹೇಳುತ್ತದೆ, ಮಕ್ಕಳ ವಸ್ತುಗಳಿಗೆ ಅತಿ ಬಿಗಿಯಾದ ಮಿತಿ. ಮಗುವಿನ ಚರ್ಮಕ್ಕೆ ಅದು ಮುಖ್ಯ. ಪರಿಸರದ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ. ನಮ್ಮ ದೇಶದಲ್ಲಿ ಭಾರತೀಯ ಮಾನಕ ಬ್ಯೂರೋ 2021ರಲ್ಲಿ ಮಕ್ಕಳ ಡೈಪರ್‌ಗೆಂದೇ ಐಎಸ್ 17509 ಎಂಬ ಮಾನದಂಡ ತಂದಿದೆ. ಐಎಸ್‌ಐ ಗುರುತಿನ ಜೊತೆ ಆ ಸಂಖ್ಯೆ ಇದೆಯಾ ನೋಡಿಕೊಳ್ಳಿ. ಸುಗಂಧ, ಲೋಷನ್ ಹಾಕಿದ್ದು ಬೇಡವೇ ಬೇಡ. ಫ್ರಾನ್ಸ್‌ನ ಆರೋಗ್ಯ ಸುರಕ್ಷತಾ ಸಂಸ್ಥೆ ಆನ್ಸೆಸ್ 2019ರಲ್ಲಿ ಡೈಪರ್‌ಗಳನ್ನು ಪರೀಕ್ಷಿಸಿ, ಸುಗಂಧ ದ್ರವ್ಯಗಳನ್ನು ಪೂರ್ತಿ ಕೈಬಿಡಬೇಕು ಎಂದು ಹೇಳಿತ್ತು. ಮಗುವಿಗೆ ಮಲ್ಲಿಗೆ ವಾಸನೆ ಏಕೆ ಬೇಕು?

ಎಷ್ಟು ಡೈಪರ್?

ಎಲ್ಲಕ್ಕಿಂತ ದೊಡ್ಡ ವ್ಯತ್ಯಾಸ ಮಾಡುವುದು ಇದೇ ಎಂದು ನನಗೆ ಗಟ್ಟಿಯಾಗಿ ಅನಿಸುತ್ತದೆ. ಹುಟ್ಟಿದ ಮಗುವಿಗೆ ದಿನಕ್ಕೆ 8ರಿಂದ 10 ಡೈಪರ್ ಬೇಕಾಗುತ್ತದೆ, ಆಮೇಲೆ 5 ಅಥವಾ 6. ಎರಡೂವರೆ ವರ್ಷಕ್ಕೆ 4,000 ದಾಟುತ್ತದೆ. ಅತ್ಯುತ್ತಮ ಬ್ರಾಂಡಿನ 4,000ಕ್ಕಿಂತ ಮಾಮೂಲಿ ಬ್ರಾಂಡಿನ 2,000 ವಾಸಿ.

ಬ್ರಿಟನ್ ಸರ್ಕಾರ 2023ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಬಟ್ಟೆ ಡೈಪರ್‌ಗಳ ಇಂಗಾಲದ ಹೊರೆ ಎಸೆಯುವ ಡೈಪರ್‌ಗಿಂತ ಸುಮಾರು 25% ಕಡಿಮೆ ಎಂದು ಬಂತು. ಬಟ್ಟೆಯ ಹೊರೆ ಹೆಚ್ಚಾಗಿ ಒಗೆಯುವ ಬಿಸಿನೀರು ಮತ್ತು ಒಣಗಿಸುವ ಮಿಷನ್‌ನಿಂದ. ಬೆಂಗಳೂರಿನಲ್ಲಿ ಒಣಗಿಸಲು ಬಿಸಿಲು ಇದೆ, ಮಿಷನ್ ಯಾರಿಗೆ ಬೇಕು? ಆದರೆ ನೀರಿನ ಲೆಕ್ಕ ಬೇರೆ. ಕಾವೇರಿಯನ್ನು ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್ ಪಂಪ್ ಮಾಡಿ ಮೇಲಕ್ಕೆ ತರುತ್ತಾರೆ. 2024ರ ಬೇಸಿಗೆಯಲ್ಲಿ ಎಷ್ಟೋ ಬಡಾವಣೆಗಳಲ್ಲಿ ಕುಡಿಯುವ ನೀರಿಗೇ ಪರದಾಡಿದ್ದನ್ನು ಮರೆಯುವ ಹಾಗಿಲ್ಲ. ಆದ್ದರಿಂದ ಬಟ್ಟೆಯೇ ಬಳಸಿ ಎಂದು ಯಾರಿಗೂ ಒತ್ತಾಯ ಮಾಡಲಾರೆ. ನೀರು, ಕೈ, ಹೊತ್ತು ಮೂರೂ ಇರುವವರು ಹಗಲಿಗೆ ಬಟ್ಟೆ, ರಾತ್ರಿಗೆ ಮತ್ತು ಹೊರಗೆ ಹೋಗುವಾಗ ಡೈಪರ್ ಎಂದು ಇಟ್ಟುಕೊಳ್ಳಬಹುದು. ಅರ್ಧದಷ್ಟು ಕಸ ಅಲ್ಲೇ ಕಡಿಮೆ. ಹಳೇ ಪಂಚೆ, ನವೆದ ಕಾಟನ್ ಸೀರೆಯ ಲಂಗೋಟಿ ಬೇಗ ಒಣಗುತ್ತದೆ, ಅದಕ್ಕೆ ಹೊಸ ಹತ್ತಿ ಬೆಳೆಯಬೇಕಿಲ್ಲ.

ಇನ್ನೊಂದು ನಮ್ಮ ಅಜ್ಜಿಯರ ಉಪಾಯ. ಮಗು ನಿದ್ದೆಯಿಂದ ಎದ್ದ ಕೂಡಲೇ, ಹಾಲು ಕುಡಿದ ಸ್ವಲ್ಪ ಹೊತ್ತಿಗೆ, ನೀಡಿದ ಕಾಲುಗಳ ಮೇಲೆ ಕೂರಿಸಿ ‘ಉಸ್ಸ್’ ಅನ್ನುತ್ತಿದ್ದರು. ಮಕ್ಕಳು ಆ ಸದ್ದಿಗೆ ಹೊಂದಿಕೊಳ್ಳುತ್ತಿದ್ದವು. ದಿನಕ್ಕೆ ಒಂದು ಸಲ ಸಿಕ್ಕರೂ ಒಂದು ಡೈಪರ್ ಉಳಿಯಿತು. ಇದರಲ್ಲಿ ಬಲವಂತ ಮಾತ್ರ ಬೇಡ.

ಉಳಿಸುವ ಭರದಲ್ಲಿ ಒದ್ದೆ ಡೈಪರನ್ನು ಹಾಗೇ ಬಿಡುವುದು ತಪ್ಪು. ಹಗಲಿನಲ್ಲಿ ಮೂರು ನಾಲ್ಕು ಗಂಟೆಗೊಮ್ಮೆ ಬದಲಿಸಿ, ಕಕ್ಕ ಆದರೆ ತಕ್ಷಣ. ಮುಂಭಾಗದ ಹಳದಿ ಗೆರೆ ಒದ್ದೆಯಾದಾಗ ನೀಲಿಯಾಗುವ ಮಾದರಿಗಳಿವೆ. ಒಣಗಿರುವುದನ್ನೇ ಬಿಚ್ಚಿ ಎಸೆಯುವುದು ಅದರಿಂದ ತಪ್ಪುತ್ತದೆ.

ಎಸೆಯುವಾಗ ಒಂದು ಜೊತೆ ಕೈಗಳ ನೆನಪು

ನಮ್ಮ ಕೆಂಪು ಬುಟ್ಟಿಯನ್ನು ದಿನಾ ಬೆಳಗ್ಗೆ ಒಬ್ಬರು ಕೈಯಿಂದ ಎತ್ತುತ್ತಾರೆ. ಎಷ್ಟೋ ಸಲ ಗ್ಲೌಸ್ ಇರುವುದಿಲ್ಲ. ಒಣ ಕಸದಲ್ಲಿ ಡೈಪರ್ ಸೇರಿದ್ದರೆ ಅದನ್ನು ಆರಿಸಿ ತೆಗೆಯುವವರೂ ಅವರೇ. ಹಸಿ ಡೈಪರ್ ತೂಕದ ಬಹುಪಾಲು ನೀರು, ಅದರ ಜೊತೆ ಮಲವೂ ಸೇರಿದರೆ ಅವರ ಆರೋಗ್ಯಕ್ಕೆ ನೇರ ಅಪಾಯ. ಯಾವ ಬ್ರಾಂಡ್ ಕೊಂಡರೂ ಈ ಭಾಗ ಸರಿ ಮಾಡದಿದ್ದರೆ ‘ಪರಿಸರಸ್ನೇಹಿ’ ಎಂಬ ಮಾತಿಗೆ ಬೆಲೆಯಿಲ್ಲ.

ಮೊದಲು ಕಕ್ಕವನ್ನು ಟಾಯ್ಲೆಟ್ಟಿಗೆ ಉದುರಿಸಿ ಫ್ಲಶ್ ಮಾಡಿ. ಡೈಪರನ್ನು ಮಾತ್ರ ಎಂದೂ ಫ್ಲಶ್ ಮಾಡಬೇಡಿ, ಒಳಚರಂಡಿಯಲ್ಲಿ ಉಬ್ಬಿ ಕಟ್ಟಿಕೊಳ್ಳುತ್ತದೆ. ಆಮೇಲೆ ಒಳಮುಖವಾಗಿ ಬಿಗಿಯಾಗಿ ಸುತ್ತಿ, ಅದರದೇ ಟೇಪಿನಿಂದ ಅಂಟಿಸಿ, ಹಳೇ ನ್ಯೂಸ್‌ಪೇಪರಿನಲ್ಲಿ ಪೊಟ್ಟಣ ಕಟ್ಟಿ. ಮೇಲೆ ಕೆಂಪು ಪೆನ್ನಿನಿಂದ ಒಂದು ಗುರುತು ಹಾಕಿ. ಬಿಚ್ಚದೆಯೇ ಒಳಗೇನಿದೆ ಎಂದು ಪೌರಕಾರ್ಮಿಕರಿಗೆ ಗೊತ್ತಾಗುತ್ತದೆ. ಕಪ್ಪು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಬೇಡಿ. ಖಾಲಿ ಸೈಟಿನಲ್ಲಿ ಎಲೆಯ ಜೊತೆ ಸುಡಲೇಬೇಡಿ.

2016ರ ಘನತ್ಯಾಜ್ಯ ನಿಯಮಗಳು ತಯಾರಕರಿಗೂ ಕರ್ತವ್ಯ ಹಾಕಿದ್ದವು. ಪ್ರತಿ ಡೈಪರ್ ಜೊತೆ ಎಸೆಯಲು ಒಂದು ಪೊಟ್ಟಣ ಕೊಡಬೇಕು, ಇಲ್ಲವೇ ಪೂರ್ತಿ ಮರುಬಳಕೆಯಾಗುವ ವಸ್ತುಗಳನ್ನು ಬಳಸುವ ದಾರಿ ಹುಡುಕಬೇಕು. ನೀವು ಕೊಂಡ ಪ್ಯಾಕೆಟ್ಟಿನಲ್ಲಿ ಪೊಟ್ಟಣ ಇತ್ತಾ? ಇಲ್ಲದಿದ್ದರೆ ಕೇಳಿ. ಬಳಸಿದ ಡೈಪರಿಗೆ ಮರುಬಳಕೆ ಸಾಧ್ಯವೇ ಇಲ್ಲ ಎಂದೇನಿಲ್ಲ. ಜಪಾನಿನ ಶಿಬುಶಿ ಎಂಬ ಊರಿನಲ್ಲಿ ಡೈಪರ್‌ಗಳನ್ನು ಬೇರೆಯಾಗಿ ಸಂಗ್ರಹಿಸಿ, ತೊಳೆದು, ಓಝೋನ್‌ನಿಂದ ಶುದ್ಧ ಮಾಡಿ ತಿರುಳನ್ನು ಮತ್ತೆ ಬಳಸುತ್ತಿದ್ದಾರೆ. ಅಲ್ಲಿಯ ಜನ ಮೊದಲು ಕಲಿತದ್ದು ಬೇರೆ ಮಾಡಿ ಕೊಡುವುದನ್ನು. ಬೆಂಗಳೂರಿಗೆ ಅಂಥ ಘಟಕ ಬರಬೇಕು ಎಂದು ನಾವು ಕೇಳಬಹುದು. ಆದರೆ ಕೆಂಪು ಬುಟ್ಟಿಯೇ ಇಲ್ಲದ ಮನೆಗಳಿಂದ ಆ ಬೇಡಿಕೆ ಎದ್ದರೆ ಯಾರು ಕೇಳುತ್ತಾರೆ?

ಕೊನೆಗೆ ಕೊಳ್ಳುವಾಗಿನ ಒಂದೆರಡು ಮಾತು. ಪ್ಯಾಕೆಟ್ ಬೆಲೆಯನ್ನು ಒಳಗಿರುವ ಸಂಖ್ಯೆಯಿಂದ ಭಾಗಿಸಿ ಒಂದರ ಬೆಲೆ ನೋಡಿ. ಅಡುಗೆಮನೆಯ ತಕ್ಕಡಿ ಇದ್ದರೆ ಒಂದರ ತೂಕವನ್ನೂ ನೋಡಿ. ಒಂದೇ ಅಳತೆಯ ಎರಡು ಬ್ರಾಂಡುಗಳಲ್ಲಿ, ರಾತ್ರಿಯಿಡೀ ಸೋರದೆ ಇರುವ ಹಗುರವಾದದ್ದನ್ನು ಇಟ್ಟುಕೊಳ್ಳಿ. ಆಫರ್ ಇದೆ ಎಂದು ಹುಟ್ಟಿದ ಮಗುವಿನ ಅಳತೆಯದನ್ನು ರಾಶಿ ಹಾಕಬೇಡಿ, ಕೆಲವೇ ವಾರಗಳಲ್ಲಿ ಅದು ಚಿಕ್ಕದಾಗುತ್ತದೆ. ಉಳಿದದ್ದನ್ನು ಪಕ್ಕದ ಮನೆಯ ಬಾಣಂತಿಗೋ, ಹೆರಿಗೆ ಆಸ್ಪತ್ರೆಯಲ್ಲಿ ಬೇಕಾದವರಿಗೋ ಪ್ಯಾಕೆಟ್ ಸಮೇತ ಕೊಟ್ಟುಬಿಡಿ.